ಮಾಗಿಯ ಚಳಿ ದಾಟಲಿ ಹಿತ್ತಲ ಕೋಳಿ

ಕೆರೆಬಿಳಚಿಯಲ್ಲಿ ಹಿಮ ಬೀಳುವುದಿಲ್ಲ. ಆದರೆ ದೀಪಾವಳಿ ಕಳೆದು ಕಾರ್ತಿಕ ಮುಗಿಯುವ ಹೊತ್ತಿಗೆ ಸೂಳೆಕೆರೆಯ ಕಡೆಯಿಂದ ಬರುವ ಕಾವಳ ಅಡಿಕೆ ತೋಟದೊಳಗೆ ಹೊಕ್ಕರೆ ಬಿಸಿಲೇರುವವರೆಗೂ ಏಳುವುದಿಲ್ಲ. ಆಗ ಹಿತ್ತಲಲ್ಲಿ ಮೊದಲು ಸೀನುವುದು ಕೋಳಿ. 'ಪಾಪ, ಚಳಿ' ಅನ್ನುತ್ತೇವೆ. ಕೋಳಿಯ ಮೈಯ ಬಿಸಿ 41 ಡಿಗ್ರಿಯಷ್ಟು. ಗರಿ ಒಣಗಿದ್ದರೆ ನಮ್ಮ ಕಡೆಯ ಚಳಿ ದೊಡ್ಡ ಕೋಳಿಯನ್ನು ಏನೂ ಮಾಡದು. ಅದನ್ನು ಕೆಡವುವುದು ತೇವ. ಮೊಣಕಾಲುದ್ದ ಹಿಮ ಬೀಳುವ ನಾಡುಗಳಲ್ಲೂ ಕೋಳಿ ಸಾಕುವವರು ಗೂಡನ್ನು ಬಿಸಿ ಮಾಡುವುದಕ್ಕಿಂತ ಒಣಗಿಸಿಡುವುದಕ್ಕೇ ಹೆಚ್ಚು ಒದ್ದಾಡುತ್ತಾರೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವ ತನಕ ನೆನಪಿಡಬೇಕಾದ್ದು ಇಷ್ಟು.

1. ಗೂಡಿನ ಬಾಯಿ ಪೂರ್ತಿ ಮುಚ್ಚಬೇಡಿ.
ಮೊದಲ ವರ್ಷ ನಾನು ಮಾಡಿದ ತಪ್ಪೇ ಇದು. ಚಳಿ ಎಂದು ಗೂಡಿನ ಸುತ್ತ ಪ್ಲಾಸ್ಟಿಕ್ ತಾಡಪಾಲು ಬಿಗಿದೆ. ಬೆಳಿಗ್ಗೆ ಬಿಚ್ಚಿದರೆ ಒಳಗೆಲ್ಲ ನೀರಹನಿ, ಕಣ್ಣು ಉರಿಯುವ ಹಿಕ್ಕೆಯ ಘಾಟು. ವಾರದೊಳಗೆ ನಾಲ್ಕು ಹೇಂಟೆ ಗೊರಗೊರ ಅನ್ನತೊಡಗಿದವು, ಎರಡು ಉಳಿಯಲಿಲ್ಲ. ಕೋಳಿ ಉಸಿರಿನಲ್ಲಿ ಬಿಟ್ಟ ತೇವ, ಹಿಕ್ಕೆಯಿಂದ ಏಳುವ ಅಮೋನಿಯಾ ಹೊರಹೋಗಲೇಬೇಕು. ಈಗ ಮಾಡಿನ ಕೆಳಗೆ, ಕೋಳಿ ಕೂರುವ ಕೋಲಿಗಿಂತ ಮೇಲೆ, ಒಂದು ಗೇಣು ಜಾಲರಿ ಬಿಟ್ಟಿದ್ದೇನೆ. ಅದನ್ನು ಯಾವ ಚಳಿಗೂ ಮುಚ್ಚುವುದಿಲ್ಲ. ಅದರ ಕೆಳಗೆ, ಮೂಡಗಾಳಿ ಬಡಿಯುವ ಬದಿಗೆ ಗೋಣಿಚೀಲದ ಪರದೆ. ರಾತ್ರಿ ಇಳಿಸುವುದು, ಬಿಸಿಲು ಬಿದ್ದೊಡನೆ ಸುತ್ತಿ ಮೇಲಕ್ಕೆ ಕಟ್ಟುವುದು. ಎಳೆಬಿಸಿಲೂ ಅದೇ ಬದಿಯಿಂದ ಬರುತ್ತದೆ, ಮರೆತರೆ ದಿನವಿಡೀ ನೆಲ ಆರುವುದಿಲ್ಲ.

2. ನೆಲಕ್ಕೆ ಉಮಿ ಹಾಸಿ.
ಭತ್ತದ ಸೀಮೆ ನಮ್ಮದು. ರೈಸ್‌ಮಿಲ್ಲಿನ ಉಮಿಗಿಂತ ಒಳ್ಳೆಯ ಹಾಸು ಬೇರಿಲ್ಲ. ಮೂರು ಇಂಚು ದಪ್ಪ ಹಾಸಿ, ಎರಡು ದಿನಕ್ಕೊಮ್ಮೆ ಕೆದಕಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಒತ್ತಿ ಬಿಡಿ: ಉದುರಿದರೆ ಸರಿ, ಉಂಡೆ ಕಟ್ಟಿದರೆ ಹೊಸ ಉಮಿ ಬೆರೆಸುವ ಹೊತ್ತಾಯಿತು. ಸುಲಿದ ಹಸಿ ಅಡಿಕೆ ಸಿಪ್ಪೆ ಬಿಟ್ಟಿ ಸಿಗುತ್ತದೆಂದು ಹಾಸಬೇಡಿ, ಬೂಸ್ಟು ಹಿಡಿಯುತ್ತದೆ.

3. ಮರಿಗಳ ಲೆಕ್ಕವೇ ಬೇರೆ.
ಮರಿಗೆ ಗರಿ ಇಲ್ಲ, ಬರೀ ತುಪ್ಪಳ. ಮೊದಲ ವಾರ ಅದಕ್ಕೆ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ತಾಯಿಕೋಳಿ ಇದ್ದರೆ ಅದರ ರೆಕ್ಕೆಯೇ ಸಾಕು. ತಂದ ಮರಿಯಾದರೆ ಬಲ್ಬು ಬೇಕು. ಇಲ್ಲಿ ಅನೇಕರು ಎಡವುತ್ತಾರೆ. ಈಗ ಮನೆಗಳಲ್ಲಿರುವ ಎಲ್‌ಇಡಿ ಬೆಳಕು ಕೊಡುತ್ತದೆ, ಮರಿ ಬೆಚ್ಚಗಾಗುವಷ್ಟು ಕಾವು ಕೊಡುವುದಿಲ್ಲ. ಹಳೆಯ ತಂತಿ ಬಲ್ಬನ್ನೇ ಹುಡುಕಿ ತನ್ನಿ. ಮೂವತ್ತು ಮರಿಗೆ 60 ವಾಟಿನದೊಂದು. ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಅಂಚಿಗೆ ಓಡಿ ಬಾಯಿ ಬಿಡುತ್ತಿದ್ದರೆ ಸೆಕೆ, ಹರಡಿಕೊಂಡು ಮಲಗಿದ್ದರೆ ಹದ. ಥರ್ಮಾಮೀಟರಿಗಿಂತ ಈ ಗುರುತನ್ನು ನಾನು ಹೆಚ್ಚು ನಂಬುತ್ತೇನೆ. ಕರೆಂಟು ಹೋದರೆ ಕೆಂಡದ ಬೋಸಿ ಇಡಬೇಡಿ, ಹೊಗೆಗೇ ಮರಿ ಸಾಯುತ್ತವೆ. ಬಿಸಿನೀರು ತುಂಬಿದ ಬಾಟಲಿಗೆ ಗೋಣಿ ಸುತ್ತಿ ನಡುವೆ ಇಡಿ.

4. ಮೆಕ್ಕೆಜೋಳವನ್ನು ಮೂಸಿ ನೋಡಿ.
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿ ಹೋದರೂ ಮೆಕ್ಕೆಜೋಳ. ಸಂಜೆ ಒಂದು ಹಿಡಿ ನುಚ್ಚು ಹಾಕಿದರೆ ಅದು ಅರಗುವ ಕಾವಿನಲ್ಲೇ ಕೋಳಿ ರಾತ್ರಿ ಕಳೆಯುತ್ತದೆ. ಆದರೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಸರಿಯಾಗಿ ಒಣಗದ ಕಾಳಿನಲ್ಲಿ ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಆ ಸಾವಿನ ಬೆನ್ನು ಹತ್ತಿದಾಗಲೇ ಈ ವಿಷ ಪತ್ತೆಯಾಯಿತು. ಮನುಷ್ಯರಿಗೆ ಬೇಡವಾದ ಕಾಳು ಕೋಳಿಗಿರಲಿ ಎನ್ನುವ ರೂಢಿಯನ್ನು ದಯವಿಟ್ಟು ಬಿಡಿ. ಮುಗ್ಗಲು ವಾಸನೆ ಬಂದರೆ ಗುಂಡಿಗೆ ಸುರಿಯಿರಿ.

5. ಲಸಿಕೆಗೆ ಓಣಿಯವರೆಲ್ಲ ಕೂಡಿ.
ಕೊಕ್ಕರೆ ರೋಗ ಹೊಕ್ಕರೆ ಹಿತ್ತಲೇ ಖಾಲಿ: ಹಸಿರು ಭೇದಿ, ಬಾಯಿಬಿಟ್ಟು ಉಸಿರು, ತಿರುಚಿದ ಕತ್ತು. ಬಂದ ಮೇಲೆ ಮದ್ದಿಲ್ಲ. ಮರಿಗೆ ಒಂದು ವಾರವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರಕ್ಕೆ ರೆಕ್ಕೆಯ ಬಳಿ ಚುಚ್ಚುಮದ್ದು. ದಿನದ ಲೆಕ್ಕ ಪಶುವೈದ್ಯರನ್ನು ಕೇಳಿಕೊಳ್ಳಿ. ಸೀಸೆಯೊಂದರಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ. ಹತ್ತೇ ಕೋಳಿ ಇರುವವರು ಅದಕ್ಕೇ ಹಿಂಜರಿಯುತ್ತಾರೆ. ಹತ್ತು ಮನೆಯವರು ಒಂದು ದಿನ ಗೊತ್ತುಮಾಡಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕಿನಲ್ಲಿ ತಂದು, ಕಲಸಿದ ಒಂದೆರಡು ಗಂಟೆಯಲ್ಲಿ ಮುಗಿಸಿ. ಪಕ್ಕದ ಹಿತ್ತಲ ಕೋಳಿಗೆ ಲಸಿಕೆ ಆಗದಿದ್ದರೆ ರೋಗ ನಿಮ್ಮ ಬೇಲಿಯವರೆಗೂ ಬರುತ್ತದೆ.

6. ಮೊಟ್ಟೆ ನಿಂತಿತೆಂದು ಕೋಳಿ ಕೊಯ್ಯಬೇಡಿ.
ಮಳೆಗಾಲ ಮುಗಿದ ಮೇಲೆ ಅನೇಕ ಕೋಳಿಗಳು ಗರಿ ಉದುರಿಸುತ್ತವೆ. ಹೊಸ ಗರಿಗೆ ಬೇಕಾದ್ದು ಪ್ರೋಟೀನು, ಮೊಟ್ಟೆಗೂ ಅದೇ ಬೇಕು. ಕೋಳಿ ಮೊದಲು ಗರಿಯನ್ನು ನೋಡಿಕೊಳ್ಳುತ್ತದೆ. ಬೇಯಿಸಿದ ಮೀನಿನ ತಲೆ, ಕರುಳು ಕೊಡಿ. ಸಗಣಿ, ಹರಕು ಗೋಣಿ ತುಂಬಿದ ಮಡಕೆಯನ್ನು ಹುತ್ತದ ಪಕ್ಕ ಬೋರಲಿಟ್ಟರೆ ಬೆಳಗಾಗುವಷ್ಟರಲ್ಲಿ ಗೆದ್ದಲು ತುಂಬಿರುತ್ತದೆ; ಇದು ನಮ್ಮ ಹಿರಿಯರ ಉಪಾಯ, ಕಾಸಿನ ಖರ್ಚಿಲ್ಲ. ಇನ್ನೊಂದು ಕಾರಣ ಬೆಳಕು. ಮೊಟ್ಟೆಗೆ ದಿನಕ್ಕೆ ಹದಿನಾಲ್ಕು ಗಂಟೆಯಾದರೂ ಬೆಳಕು ಬೇಕು, ಡಿಸೆಂಬರಿನಲ್ಲಿ ನಮ್ಮ ಹಗಲು ಹನ್ನೊಂದು ಕಾಲು ಗಂಟೆ. ಗಿರಿರಾಜ, ಸ್ವರ್ಣಧಾರ ಸಾಕುವವರು ನಸುಕಿನ 4ಕ್ಕೆ ಒಂದು ದೀಪ ಹಾಕಬಹುದು. ಇದಕ್ಕೆ ಎಲ್‌ಇಡಿ ಸಾಕು. ಸಂಜೆಗೆ ಬೇಡ: ದೀಪ ಥಟ್ಟನೆ ಆರಿದರೆ ಕತ್ತಲಲ್ಲಿ ಕೋಲು ಹತ್ತಲಾಗದೆ ನೆಲದ ಮೇಲೇ ಉಳಿಯುತ್ತವೆ. ನಾಟಿ ಕೋಳಿಯನ್ನು ಅದರ ಪಾಡಿಗೆ ಬಿಡಿ. ಬಿಡುವಿನ ಕಾಲ ಅದರ ಹಕ್ಕು.

7. ಕೂರುವ ಕೋಲು ಅಗಲವಿರಲಿ.
ಎರಡು ಇಂಚಿನ ಚಪ್ಪಟೆ ರೀಪರ್ ಸಾಕು. ಕೂತಾಗ ಎದೆಯ ಗರಿ ಬೆರಳನ್ನು ಮುಚ್ಚಬೇಕು.

8. ಬಾಗಿಲು ತೆಗೆದವರು ಅಲ್ಲೇ ಒಂದು ಗಳಿಗೆ ನಿಲ್ಲಿ.
ಕೊನೆಗೆ ಯಾವುದು ಹೊರಬಂತು, ಯಾವುದು ಗರಿ ಉಬ್ಬಿಸಿ ಮೂಲೆಯಲ್ಲೇ ಉಳಿಯಿತು, ನೋಡಿ. ಅದನ್ನು ಅಂದೇ ಬೇರೆ ಮಂಕರಿಯಡಿ ಇಟ್ಟು, ಉಳಿದವಕ್ಕೆ ಮೇವು ನೀರು ಕೊಟ್ಟಾದ ಮೇಲೆ ಅದರ ಬಳಿ ಹೋಗಿ. ಕೈ ತೊಳೆದು ಮನೆಯೊಳಗೆ ಬನ್ನಿ.