ಸಿನಿಮಾ ಮೊದಲು, ಗಿರ್ಮಿಟ್ ಆಮೇಲೆ

ಹೆಗ್ಗೋಡಿನ ನೀನಾಸಮ್ 1973ರಲ್ಲೇ ಚಿತ್ರಸಮಾಜ ಕಟ್ಟಿ ಹಳ್ಳಿಯ ಮಂದಿಗೆ ಜಗತ್ತಿನ ಸಿನಿಮಾ ತೋರಿಸಿತು. ಹಾನಗಲ್ ತಾಲ್ಲೂಕಿನ ಶೇಷಗಿರಿಯಂಥ ಪುಟ್ಟ ಊರೇ ನಾಟಕಕ್ಕೆ ಹೆಸರಾದ ನಮ್ಮ ಹಾವೇರಿ ಜಿಲ್ಲೆಗೆ ಇದೇನು ದೊಡ್ಡ ಮಾತಲ್ಲ. ಪ್ರೊಜೆಕ್ಟರ್ ಬಾಡಿಗೆಗೆ ಸಿಗುತ್ತದೆ, ಉತ್ಸಾಹವೂ ಇದೆ. ಇಂಥ ಸಿನಿಮಾ ಸಂಜೆ ಕೆಡುವುದು ಬೇರೆ ಕಡೆ. ಫ್ರೆಂಚ್ ಚಿತ್ರವೊಂದನ್ನು ಮುಂದಿಟ್ಟುಕೊಂಡು ಅದನ್ನು ಹೇಳುತ್ತೇನೆ.

1. ಚಿತ್ರದ ಆಯ್ಕೆ

‘ದಿ ಟೇಸ್ಟ್ ಆಫ್ ಥಿಂಗ್ಸ್’ 2023ರ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಪಡೆಯಿತು. ನಿರ್ದೇಶಕ ವಿಯೆಟ್ನಾಂ ಮೂಲದ ಟ್ರಾನ್ ಆನ್ ಹುಂಗ್. 19ನೇ ಶತಮಾನದ ಕೊನೆಯ ಕಾಲ. ರುಚಿಯೇ ಬದುಕೆಂದುಕೊಂಡ ದೊದಾನ್, ಅವನ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುವ ಯುಜೆನಿ. ಇಬ್ಬರ ಪ್ರೀತಿ ಮಾತಿಗಿಂತ ಒಲೆಯ ಮುಂದೆಯೇ ಹೆಚ್ಚು. ಅವಧಿ ಎರಡೂಕಾಲು ತಾಸು. ಮಾಂಸ, ಮೀನು, ಹಕ್ಕಿಯ ಅಡುಗೆ ಧಾರಾಳವಾಗಿದೆ. ಶಾಕಾಹಾರಿಗಳಿಗೆ ಕರೆಯೋಲೆಯಲ್ಲೇ ತಿಳಿಸಿ. ಅಷ್ಟು ಬೇಡವೆನ್ನುವವರಿಗೆ ಪ್ರಕಾಶ್ ರೈ ಅವರ ‘ಒಗ್ಗರಣೆ’ (2014) ಇದೆ. ಅಲ್ಲೂ ಅಡುಗೆಯೇ ಪ್ರೇಮಕ್ಕೆ ದಾರಿ.

2. ಒಪ್ಪಿಗೆ

ಓಟಿಟಿ ಚಂದಾ ಮನೆಮಂದಿ ನೋಡುವುದಕ್ಕಷ್ಟೇ. ಸಭಾಭವನದಲ್ಲಿ ತೋರಿಸಲು ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಟಿಕೆಟ್ ಇಟ್ಟಿಲ್ಲ ಎಂಬ ಸಬೂಬು ನಡೆಯುವುದಿಲ್ಲ. ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಇದೆಯೇ ಎಂದೂ ಕೇಳಿ. ದಾರಿ ತಿಳಿಯದಿದ್ದರೆ ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಅಥವಾ ಅಲಿಯಾನ್ಸ್ ಫ್ರಾನ್ಸೇಸ್‌ನವರನ್ನು ವಿಚಾರಿಸಿ. ಒಂದು ತಿಂಗಳು ಮೊದಲೇ ಶುರುಮಾಡಿ.

3. ಕತೆಯ ಎಳೆ

ಅಡಿಬರಹ ಇಂಗ್ಲಿಷಿನಲ್ಲಿರುತ್ತದೆ. ಶುರುವಿಗೆ ಮುಂಚೆ ಒಬ್ಬರು ಐದು ನಿಮಿಷ ಕನ್ನಡದಲ್ಲಿ ಪಾತ್ರಗಳ ಪರಿಚಯ ಮಾಡಿಕೊಡಲಿ. ಕೊನೆ ಹೇಳಬೇಡಿ. ಚಿತ್ರ ಓಡುವಾಗ ಮೈಕಿನಲ್ಲಿ ವಿವರಣೆ ಕೊಡುವವರನ್ನು ದಯವಿಟ್ಟು ಕೂರಿಸಿ.

4. ತಿನಿಸು: ಎಲ್ಲರೂ ಎಡವುವುದು ಇಲ್ಲೇ

ಗೆಳೆಯರ ಬಳಗವೊಂದು ನಡೆಸಿದ ಇಂಥದೇ ಸಂಜೆಯಲ್ಲಿ ನಾನಿದ್ದೆ. ಚಿತ್ರ ಶುರುವಾಗುತ್ತಿದ್ದಂತೆ ಎಲ್ಲರ ಕೈಗೂ ಕಾಗದದ ಪೊಟ್ಟಣದಲ್ಲಿ ಗಿರ್ಮಿಟ್, ಮೇಲೊಂದು ಮಿರ್ಚಿ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಆದರೆ ಈ ಚಿತ್ರಕ್ಕೆ ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಮೊದಲ ಅರ್ಧ ತಾಸು ಬರೀ ಅಡುಗೆ: ಬೆಣ್ಣೆ ಚುರುಗುಟ್ಟುವುದು, ಚಾಕು ಹಲಗೆಗೆ ತಾಗುವುದು, ಪಾತ್ರೆಗೆ ಸಾರು ಸುರಿಯುವುದು. ಆ ಸದ್ದೇ ಸಂಗೀತ. ಐವತ್ತು ಮಂದಿ ಕಾಗದ ಸರಬರ ಎನಿಸುತ್ತ ಮಂಡಕ್ಕಿ ಅಗಿದರೆ ಏನು ಕೇಳೀತು? ‘ಯಾರೂ ಮಾತೇ ಆಡವಲ್ರಲ್ರೀ’ ಎಂದು ಹಿಂದಿನ ಸಾಲು ಎದ್ದು ಚಹಾಕ್ಕೆ ಹೋಯಿತು. ತಪ್ಪು ಚಿತ್ರದ್ದಲ್ಲ, ಪೊಟ್ಟಣದ್ದು.

ಹಾಗಂತ ಮೊದಲೇ ಹೊಟ್ಟೆತುಂಬ ಬಡಿಸುವುದೂ ತಪ್ಪು. ಉಂಡವರಿಗೆ ಕತ್ತಲಲ್ಲಿ ನಿದ್ದೆ ಬರುತ್ತದೆ. ಅಡುಗೆಯ ಚಿತ್ರವನ್ನು ತುಸು ಹಸಿದೇ ನೋಡಬೇಕು. ಸಂಜೆ 6ಕ್ಕೆ ಚಹಾ, ಎರಡು ಬಿಸ್ಕತ್ತು. ಬಾಗಿಲಲ್ಲೇ ‘ಊಟ ಆಮೇಲೆ’ ಎಂಬ ಫಲಕ. 6.45ಕ್ಕೆ ಚಿತ್ರ. ನಡುವೆ ವಿರಾಮ ಬೇಡ. ಸಕ್ಕರೆ ಕಾಯಿಲೆಯವರು, ಮಕ್ಕಳು ಬಾಗಿಲ ಪಕ್ಕ ಕೂತು ಬೇಕಾದಾಗ ಹೊರಗೆ ಹೋಗಿ ತಿಂದು ಬರಲಿ.

ಗಿರ್ಮಿಟ್ ಬೇಕೇಬೇಕು ಎನ್ನುವಿರಾದರೆ ಹುಣಸೆರಸ, ಉಳ್ಳಾಗಡ್ಡಿಯ ಒಗ್ಗರಣೆ ಒಂದು ಕಡೆ, ಮಂಡಕ್ಕಿ ಇನ್ನೊಂದು ಕಡೆ ಇರಲಿ. ಪರದೆ ಮೇಲೆ ಹೆಸರುಗಳು ಬರತೊಡಗಿದಾಗ ಪುಟಾಣಿ ಹಿಟ್ಟು ಹಾಕಿ ಕಲಸಿ. ಮೊದಲೇ ಕಲಸಿಟ್ಟದ್ದು ಮುದ್ದೆಯಾಗುತ್ತದೆ. ಮಿರ್ಚಿಯನ್ನೂ ಆಗಲೇ ಎಣ್ಣೆಗೆ ಬಿಡಿ, ಸಭಾಭವನದಿಂದ ದೂರದಲ್ಲಿ. ಬಜ್ಜಿಯ ವಾಸನೆಯ ಮುಂದೆ ಯಾವ ಫ್ರೆಂಚ್ ನಟಿಯೂ ನಿಲ್ಲಲಾರಳು.

5. ಊಟ

ಫ್ರೆಂಚ್ ಸಂಜೆ ಅಂತ ಪಾಸ್ತಾ ತರಿಸಿದವರಿದ್ದಾರೆ. ಅದು ಇಟಲಿಯದು! ಚಿತ್ರದಲ್ಲಿ ರಾಜಕುಮಾರನೊಬ್ಬ ಮುಗಿಯದಷ್ಟು ಬಗೆಯ ಔತಣ ಕೊಡುತ್ತಾನೆ. ಅದಕ್ಕೆ ಮರುಔತಣವಾಗಿ ದೊದಾನ್ ಮಾಡಹೊರಡುವುದು ‘ಪೊತೋಫ’, ಮಾಂಸ ತರಕಾರಿ ಒಟ್ಟಿಗೆ ಹದವಾದ ಉರಿಯಲ್ಲಿ ಬೇಯಿಸಿದ ಮನೆಯಡುಗೆ. ನಮ್ಮಲ್ಲಿ ಅದಕ್ಕೆ ಸಾಟಿ ಜೋಳದ ರೊಟ್ಟಿ, ಎಣ್ಣೆಗಾಯಿ. ಕೆಂಪು ಕಂಡು ಪರಊರಿನವರು ಹೆದರಿದರೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳಿ ಬಡಿಸಿ.

6. ಉಳಿದದ್ದು ಚುಟುಕಾಗಿ

ಪ್ರೊಜೆಕ್ಟರಿನ ಒಳಗಿನ ಸ್ಪೀಕರ್ ಸಾಲದು, ಹೊರಗಿನದು ಜೋಡಿಸಿ. ಕಿಟಕಿಗೆ ದಪ್ಪ ಪರದೆ. ಮುಂದೆ ಜಮಖಾನೆ, ಹಿಂದೆ ಕುರ್ಚಿ. ಕರೆಂಟ್ ಹೋದರೆ ಜನರೇಟರ್ ಬೇಕು, ಅದು ಗೋಡೆಯಾಚೆ ಇರಲಿ. ಹಿಂದಿನ ದಿನ ಹತ್ತು ನಿಮಿಷ ಓಡಿಸಿ ನೋಡಿ. ಚರ್ಚೆಗೆ ವೇದಿಕೆ ಬೇಡ, ರೊಟ್ಟಿ ಮುರಿಯುತ್ತ ಮಾತಾಡಿದರಾಯಿತು. ಸನ್ಮಾನ, ಶಾಲು, ಹಾರ ಇನ್ನೊಂದು ದಿನ.