ಕಂಪ್ಯೂಟರ್ ಗದ್ದಲದಲ್ಲಿ ಕಾಲಸಂಕೇತ ಹಿಡಿಯುವ ಬಗೆ

ರಾತ್ರಿ ಹೊತ್ತು ಶಾರ್ಟ್‌ವೇವ್ ರೇಡಿಯೊವನ್ನು ಅಂಕಲಿಯ ಕೃಷ್ಣಾ ದಂಡೆಯ ಕಬ್ಬಿನ ಹೊಲಗಳ ಕಡೆ ಒಯ್ದು 10 ಮೆಗಾಹರ್ಟ್ಸ್‌ಗೆ ಹಚ್ಚಿದರೆ ಸಮಯ ಬಿತ್ತರಿಸುವ ಚೀನಾದ ಬಿಪಿಎಂ ಕೇಂದ್ರದ ಸೆಕೆಂಡಿನ ಟಿಕ್ ಟಿಕ್ ನಿಚ್ಚಳವಾಗಿ ಕೇಳುತ್ತದೆ. ಮನೆಗೆ ತಂದು ಕಂಪ್ಯೂಟರ್ ಪಕ್ಕ ಇಟ್ಟರೆ ಬರೀ ಗೊರ್ರ್ ಸದ್ದು. ಹಿಂದೆ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವೂ ಎಟಿಎ ಹೆಸರಿನಲ್ಲಿ ಇದೇ 10 ಮೆಗಾಹರ್ಟ್ಸ್‌ನಲ್ಲಿ ಸಮಯ ಬಿತ್ತರಿಸುತ್ತಿತ್ತು. ಈಗ ಅದಿಲ್ಲ, ದೂರದವರನ್ನೇ ನಂಬಬೇಕು. ದೂರದ ಸಂಕೇತ ಕೇಳಬೇಕಾದರೆ ಮನೆಯೊಳಗಿನ ಗದ್ದಲ ಇಳಿಸಲೇಬೇಕು.

1. ಮೊದಲು ಮೂಲ ಹುಡುಕಿ. ರೇಡಿಯೊ ಸೆಲ್ ಮೇಲೆ ನಡೆಯಲಿ. ಮೇನ್ ಸ್ವಿಚ್ ತೆಗೆಯಿರಿ, ಇನ್ವರ್ಟರ್ ಇದ್ದರೆ ಅದನ್ನೂ. ಇಲ್ಲದಿದ್ದರೆ ಮೇನ್ ತೆಗೆದ ಕೂಡಲೇ ಅದೇ ಶುರುವಾಗಿ ಪರೀಕ್ಷೆ ಕೆಡುತ್ತದೆ. ಸದ್ದು ನಿಂತರೆ ಮೂಲ ಮನೆಯೊಳಗೇ ಇದೆ. ಆಮೇಲೆ ಒಂದೊಂದೇ ಹಚ್ಚುತ್ತ ಬನ್ನಿ. ಬ್ಯಾಟರಿ ಮೇಲೆ ಸುಮ್ಮನಿದ್ದ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದ ಕ್ಷಣವೇ ಕೂಗಲು ಹತ್ತುವುದುಂಟು. ಚಾರ್ಜರ್ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸುತ್ತದೆ, ಆ ಕಡಿತದ ಫ್ರೀಕ್ವೆನ್ಸಿಯ ಗುಣಿತಗಳು (ಹಾರ್ಮೋನಿಕ್‌ಗಳು) ಶಾರ್ಟ್‌ವೇವ್‌ವರೆಗೂ ಏರುತ್ತವೆ. ಮುಳ್ಳು ನಿಧಾನಕ್ಕೆ ತಿರುಗಿಸಿದರೆ ಸದ್ದು ಸಮ ಅಂತರದಲ್ಲಿ ಉಬ್ಬುಬ್ಬಾಗಿ ಬರುವುದೇ ಇದರ ಗುರುತು.

2. ಸದ್ದು ವೈರ್ ಹಿಡಿದು ಹರಡುತ್ತದೆ. 10 ಮೆಗಾಹರ್ಟ್ಸ್ ಅಲೆಯ ಉದ್ದ 30 ಮೀಟರ್. ಲ್ಯಾಪ್‌ಟಾಪ್‌ನ ಪುಟ್ಟ ಡಬ್ಬಿ ಅದಕ್ಕೆ ಒಳ್ಳೆಯ ಆಂಟೆನಾ ಅಲ್ಲ, ಅದಕ್ಕೆ ಸಿಕ್ಕಿಸಿದ ಕರೆಂಟಿನ ವೈರು, ಮಾನಿಟರ್ ಮತ್ತು ನೆಟ್‌ವರ್ಕ್ ಕೇಬಲ್ಲುಗಳೇ ಆಂಟೆನಾ. ಮದ್ದು ಫೆರೈಟ್ ಉಂಗುರ. ವೈರನ್ನು ಒಂದೇ ಸಲ ತೂರಿಸಿದರೆ ಈ ಫ್ರೀಕ್ವೆನ್ಸಿಯಲ್ಲಿ ಉಪಯೋಗ ಕಡಿಮೆ. ಸುತ್ತು ಎರಡಾದರೆ ತಡೆ ಸುಮಾರು ನಾಲ್ಕು ಪಟ್ಟು, ಮೂರಾದರೆ ಒಂಬತ್ತು ಪಟ್ಟು. ಆದ್ದರಿಂದ ದೊಡ್ಡ ತೂತಿನ ಉಂಗುರ ಕೊಳ್ಳಿ, ‘ಮಿಕ್ಸ್ 31’ ಬಗೆಯ ಫೆರೈಟ್ ಸಿಕ್ಕರೆ ಬಿಡಬೇಡಿ. ಅದನ್ನು ಸದ್ದು ಮಾಡುವ ಯಂತ್ರದ ಪಕ್ಕದಲ್ಲೇ ಹಾಕಿ.

3. ಆಂಟೆನಾ ಹೊರಗಿರಲಿ. ಒಂದು ಮೀಟರ್ ಅಗಲದ ಲೂಪ್ ಆಂಟೆನಾವನ್ನು ಹಿತ್ತಲಿನ ಕೊನೆಗೆ ನಿಲ್ಲಿಸಿ ತಿರುಗಿಸಿ. ಒಂದು ದಿಕ್ಕಿನಲ್ಲಿ ಸದ್ದು ತಟ್ಟನೆ ಕುಸಿಯುತ್ತದೆ, ಅಲ್ಲೇ ಬಿಡಿ. ಒಳಗೆ ಬರುವ ಕೋಯಾಕ್ಸ್ ವೈರಿಗೂ ಉಂಗುರ ಬೇಕು, ಇಲ್ಲದಿದ್ದರೆ ಮನೆಯ ಗದ್ದಲ ಅದರ ಹೊರಮೈ ಹಿಡಿದು ಆಂಟೆನಾ ಸೇರುತ್ತದೆ.

4. 10ರಲ್ಲಿ ಆಗದಿದ್ದರೆ ಪಕ್ಕಕ್ಕೆ ಸರಿಯಿರಿ. ಮಾಸ್ಕೋದ ಆರ್‌ಡಬ್ಲ್ಯೂಎಂ ಕೇಂದ್ರ 9.996ರಲ್ಲಿದೆ, ಅದನ್ನು ಕೇಳಲು ಎಸ್‌ಎಸ್‌ಬಿ ಸೌಲಭ್ಯ ಇರುವ ರೇಡಿಯೊ ಬೇಕು. ಬಿಪಿಎಂಗೆ 5 ಮತ್ತು 15 ಕೂಡ ಇವೆ.

5. ಬಿಪಿಎಂ ಕೇಳಿ ಗಡಿಯಾರ ಹೊಂದಿಸುವವರಿಗೆ ಒಂದು ಎಚ್ಚರ. ಅದು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಟಿಕ್ ಅನ್ನು ಬೇಕೆಂದೇ 20 ಮಿಲಿಸೆಕೆಂಡ್ ಮುಂಚೆ ಕಳಿಸುತ್ತದೆ. ಸುಮಾರು 4000 ಕಿ.ಮೀ. ದಾಟಿ ನಮ್ಮಲ್ಲಿಗೆ ಬರಲು ಅದಕ್ಕೆ 13–14 ಮಿಲಿಸೆಕೆಂಡ್ ಬೇಕು. ಅಂದರೆ ಟಿಕ್ ಇಲ್ಲಿ ಕೇಳುವುದು ನಿಜವಾದ ಸೆಕೆಂಡಿಗಿಂತ ತುಸು ಮೊದಲು. ಪ್ರತಿ ಗಂಟೆಯ 25–29 ಮತ್ತು 55–59ನೇ ನಿಮಿಷಗಳಲ್ಲಿ ಬರುವ ಉದ್ದನೆಯ ಟಿಕ್‌ಗಳು ಭೂಮಿಯ ತಿರುಗಾಟದ ಲೆಕ್ಕದವು, ಆಗ ಹೊಂದಿಸಲೇಬೇಡಿ.

6. ಇಷ್ಟಾದರೂ ಸದ್ದು ಉಳಿದರೆ ಅದು ನೆರೆಮನೆಯ ಎಲ್‌ಇಡಿ ಬಲ್ಬಿನದೋ ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರಿನದೋ ಇರಬಹುದು. “ನಿಮ್ಮ ಬಲ್ಬಿನಿಂದ ನಮ್ಮ ರೇಡಿಯೊ ಕೆಟ್ಟೈತ್ರಿ” ಎಂದು ಜಗಳಕ್ಕೆ ಹೋಗಬೇಡಿ. ರೇಡಿಯೊ ಕೈಯಲ್ಲಿ ಹಿಡಿದು ಹೋಗಿ, ಅವರ ಕೈಯಿಂದಲೇ ಸ್ವಿಚ್ ಆರಿಸಿ ಕೇಳಿಸಿ. ಒಂದು ಉಂಗುರವನ್ನೋ ಒಳ್ಳೆಯ ಅಡಾಪ್ಟರನ್ನೋ ನೀವೇ ಒಯ್ದು ಕೊಡಿ.