ಪ್ರಕಟಣೆಗೆ ಮುಂಚೆ ಕಟ್ಟಿದ ಫ್ಲೆಕ್ಸ್

ನಿಮ್ಮ ಶಾಲೆಯಲ್ಲಿ ಓದಿದವರು ಯಾರಾದರೂ ರಾಯಭಾರಿ ಆಗ್ತಾರಂತೆ ಅಂತ ಸುದ್ದಿ ಬಂದರೆ, ಹಳೆ ವಿದ್ಯಾರ್ಥಿಗಳ ಸಂಘದವರು ಮೊದಲು ಮಾಡಬೇಕಾದ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ವಿದೇಶಾಂಗ ಸಚಿವಾಲಯ ಒಂದು ಪ್ರಕಟಣೆ ಹೊರಡಿಸುತ್ತದೆ. ಎರಡು ಮೂರು ಸಾಲು, ಅಷ್ಟೇ. ಹೆಸರು, ಸೇವೆಗೆ ಸೇರಿದ ವರ್ಷ, ಈಗಿರುವ ಹುದ್ದೆ, ಹೋಗುವ ದೇಶ, ಸದ್ಯದಲ್ಲೇ ಅಧಿಕಾರ ವಹಿಸಿಕೊಳ್ಳುವ ನಿರೀಕ್ಷೆಯಿದೆ ಅಂತ ಒಂದು ಮಾತು. ಅದು ಬರುವವರೆಗೆ ಹಾರವೂ ಬೇಡ, ಕೇಕೂ ಬೇಡ, ವಾಟ್ಸಾಪ್ ಗುಂಪಿನಲ್ಲಿ ಚಪ್ಪಾಳೆಯೂ ಬೇಡ. ಸಂಘದ ಕಾರ್ಯದರ್ಶಿಯಾಗಿ ನಾನು ಇದನ್ನು ಮೊದಲಿಂದಲೂ ಹೇಳುತ್ತಿದ್ದೆ, ನಡಾವಳಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ ಕೂಡ. ಬೇಕಾದವರು ಬಂದು ನೋಡಬಹುದು.

ಹಾಗೆ ಸುದ್ದಿಯಾದ ನನ್ನ ಗೆಳತಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ದೇಶದ ಹೆಸರನ್ನೂ ಬರೆಯುವುದಿಲ್ಲ. ಬೇಡ ಕಣೇ ಎಂದಿದ್ದಾಳೆ. ನಮ್ಮೂರಿನವರಿಗಂತೂ ಹೇಗೂ ಗೊತ್ತು. ಸೋಮವಾರಪೇಟೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ನಾನು ಬಿ.ಎಡ್. ಮಾಡಿ ಮೇಷ್ಟರ ಕೆಲಸ ಹಿಡಿದೆ, ಅವಳು ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆಗೆ ಹೋದಳು. ಮಸ್ಸೂರಿ, ದೆಹಲಿ, ಆಮೇಲೆ ಯಾವುದೋ ದೇಶದಲ್ಲಿ ಕೂತು ಅಲ್ಲಿನ ಭಾಷೆ ಕಲಿಯುವುದು, ಪರೀಕ್ಷೆ ಪಾಸು ಮಾಡುವುದು, ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು. ಊರಿಗೆ ಬಂದಾಗಲೆಲ್ಲ ನಮ್ಮ ಮನೆ ಹಿತ್ತಲಲ್ಲಿ ಕೂತು ಹಲಸಿನ ಹಪ್ಪಳ ತಿಂದು ಹೋಗುತ್ತಿದ್ದಳು. ಕೆಲಸದ ವಿಷಯ ಒಂದಕ್ಷರ ಎತ್ತುತ್ತಿರಲಿಲ್ಲ.

ಸುದ್ದಿ ಹೊರಬಿದ್ದದ್ದು ಅವಳ ತಾಯಿಯಿಂದ. ಆ ವಯಸ್ಸಿನವರನ್ನು ನಾನು ದೂರುವುದಿಲ್ಲ. ಒಂದು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದಾಗ, "ಮಗಳಿಗೆ ಇಂಥಾ ದೇಶಕ್ಕೆ ರಾಯಭಾರಿ ಕೆಲಸ ಆಗ್ತದಂತೆ" ಅಂದರು, ಮೊಮ್ಮಗನಿಗೆ ಹಲ್ಲು ಬಂತು ಅನ್ನುವಷ್ಟೇ ಸಲೀಸಾಗಿ. ಆ ಸಾಲಿನಲ್ಲಿ ಅವರಿಂದ ಮೂರನೇ ಕುರ್ಚಿಯಲ್ಲಿ ನನ್ನ ಮೈದುನ ಕೂತಿದ್ದ. ಪೇಟೆಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ, ಪಕ್ಕದಲ್ಲೇ ಫ್ಲೆಕ್ಸ್ ಪ್ರಿಂಟಿಂಗ್. ಜಿಲ್ಲಾ ಪಂಚಾಯ್ತಿ ಟಿಕೆಟ್ಟಿನ ಆಸೆ ಬೇರೆ. ಇನ್ನೇನು ಹೇಳಲಿ!

ನಾನು ಅವನಿಗೆ ಅಲ್ಲೇ ಹೇಳಿದೆ, "ಇದು ಇನ್ನೂ ಆಗಿಲ್ಲ, ಎಲ್ಲೂ ಹಾಕಬೇಡ." "ಆಯ್ತು ಅತ್ತಿಗೆ" ಅಂದ. ಮಾರನೇ ವಾರ ಬಸ್ ಸ್ಟ್ಯಾಂಡಿನ ಎದುರು, ಹನ್ನೆರಡು ಅಡಿ ಅಗಲದ ಫ್ಲೆಕ್ಸ್.

ಅದರ ಮಧ್ಯದಲ್ಲಿ ಇದ್ದದ್ದು ಅವನ ಪಕ್ಷದ ನಾಯಕರು. ಎಡಕ್ಕೆ ಕೈಮುಗಿದ ನನ್ನ ಮೈದುನ. ಕೆಳಗೆ ಒಂದು ಸಾಲು ತಲೆಗಳು, ಅದರಲ್ಲಿ ಅರ್ಧ ಜನ ನಮ್ಮ ಶಾಲೆಯ ಗೇಟು ದಾಟಿದವರೇ ಅಲ್ಲ. ರಾಯಭಾರಿ ಆಗಬೇಕಾದವಳು ಬಲ ಮೂಲೆಯಲ್ಲಿ, ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ. ಯಾರದೋ ಮದುವೆ ಆಲ್ಬಮ್ಮಿನಿಂದ ಕತ್ತರಿಸಿದ ಫೋಟೋ. ಪಕ್ಕ ನಿಂತಿದ್ದ ಅವಳ ಗಂಡನ ಭುಜ ಅರ್ಧ ಹಾಗೇ ಉಳಿದಿತ್ತು. ಇಷ್ಟಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಿನ್ನೆಲೆಯಲ್ಲಿ ಆ ದೇಶದ ಬಾವುಟ ಅಂತ ಹಾಕಿದ್ದನಲ್ಲ, ಅದು ಆ ದೇಶದ್ದಲ್ಲ. ಪಕ್ಕದ ದೇಶದ್ದು. ಅವೆರಡಕ್ಕೂ ಗಡಿ ಜಗಳ.

ರಾತ್ರಿ ಊಟ ಮುಗಿಸಿ ಪಾತ್ರೆ ತೊಳೆಯುತ್ತಿದ್ದೆ, ಅವಳ ಫೋನು ಬಂತು. ಹೇಗಿದ್ದೀಯ ಅಂತಲೂ ಕೇಳಲಿಲ್ಲ. "ಯಾರು ಕಣೇ ಅದನ್ನು ಹಾಕಿಸಿದ್ದು?" ಬೆಂಗಳೂರಿನಲ್ಲಿರುವ ನಮ್ಮ ಬ್ಯಾಚಿನವನೊಬ್ಬ ಹೆಮ್ಮೆಯಿಂದ ಫೋಟೋವನ್ನು ಹತ್ತು ಕಡೆ ಕಳಿಸಿದ್ದ, ಹತ್ತರಲ್ಲೊಂದು ದೆಹಲಿಗೆ ತಲುಪಿತ್ತು. ಅವಳ ದನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

ವಿಷಯ ಏನೆಂದರೆ, ನಮ್ಮ ಸರ್ಕಾರ ಒಬ್ಬರನ್ನು ರಾಯಭಾರಿ ಅಂತ ಆರಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಹೋಗುವ ದೇಶ ಅವರನ್ನು ಒಪ್ಪಬೇಕು. ಹೆಸರನ್ನು ಗುಟ್ಟಾಗಿ ಕಳಿಸುತ್ತಾರೆ, ಆ ಸರ್ಕಾರ ವಿಚಾರಿಸಿಕೊಂಡು ಹೂಂ ಅಂದ ಮೇಲೆಯೇ ಬಹಿರಂಗ. ಈ ಒಪ್ಪಿಗೆ ಬೇಕೇ ಬೇಕೆಂದು 1961ರ ವಿಯೆನ್ನಾ ಒಪ್ಪಂದದ 4ನೇ ವಿಧಿ ಹೇಳುತ್ತದೆ. ಬೇಡ ಅನ್ನುವುದಾದರೆ ಕಾರಣ ಕೊಡುವ ಹಂಗೂ ಆ ದೇಶಕ್ಕಿಲ್ಲ. ಹೆಣ್ಣು ನೋಡಿ ಬಂದ ಕಡೆಯಿಂದ ಉತ್ತರ ಬರುವ ಮುಂಚೆ ಲಗ್ನಪತ್ರಿಕೆ ಹಂಚಿದರೆ ಹೇಗೋ ಹಾಗೆ. 2015ರಲ್ಲಿ ಇಸ್ರೇಲ್ ಸರ್ಕಾರ ದಾನಿ ದಯಾನ್ ಎಂಬುವರನ್ನು ಬ್ರೆಜಿಲ್‌ಗೆ ಕಳಿಸುತ್ತೇವೆ ಅಂತ ಮೊದಲೇ ಸಾರಿಬಿಟ್ಟಿತು. ಅವರು ಆಕ್ರಮಿತ ನೆಲದಲ್ಲಿ ನೆಲೆಸಿದ ಇಸ್ರೇಲಿ ವಸಾಹತುಗಾರರ ಸಂಘಟನೆಯ ಮುಖಂಡರಾಗಿದ್ದವರು, ಬ್ರೆಜಿಲ್‌ಗೆ ಹಿಡಿಸಲಿಲ್ಲ. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ತಿಂಗಳುಗಟ್ಟಲೆ ಸುಮ್ಮನಿತ್ತು. ಕೊನೆಗೆ 2016ರಲ್ಲಿ ಇಸ್ರೇಲ್ ಅವರನ್ನು ನ್ಯೂಯಾರ್ಕಿಗೆ ಕಾನ್ಸುಲ್ ಜನರಲ್ ಮಾಡಿ ಕಳಿಸಿತು. ದೇಶದೇಶಗಳೇ ಹೀಗೆ ಎಡವುವಾಗ, ಪಕ್ಕದ ದೇಶದ ಬಾವುಟದ ಕೆಳಗೆ ನಗುತ್ತಾ ನಿಂತ ನಮ್ಮ ಗೆಳತಿಯ ಪಾಡು ಏನು?

"ಒಪ್ಪಿಗೆ ಇನ್ನೂ ಬಂದಿಲ್ಲ. ಈ ರಾತ್ರಿಯೇ ಅದು ಇಳೀಬೇಕು" ಅಂದಳು.

ಪಿಡಿಒಗೆ ಫೋನ್ ಮಾಡಿದೆ. ಅವರ ಉತ್ತರ ಬರೆದಿಡುವಂಥದ್ದು. "ಮೇಡಂ, ಬೆಳಿಗ್ಗೆ ಬಂದು ಒಂದು ಅರ್ಜಿ ಕೊಡಿ. ನೋಡೋಣ." ಫ್ಲೆಕ್ಸ್ ಕಟ್ಟಲು ಅನುಮತಿ ಕೊಟ್ಟಿದ್ದೀರಾ ಅಂತ ಕೇಳಿದೆ. ಇಲ್ಲವಂತೆ. ಹಾಗಾದರೆ ತೆಗೆಸಲು ಅರ್ಜಿ ಏಕೆ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಅದ್ರಲ್ಲಿ ಲೀಡರ್ ಫೋಟೋ ಇದೆಯಲ್ಲ ಮೇಡಂ..." ಅಂದರು. ಅನುಮತಿಯಿಲ್ಲದೆ ಕಟ್ಟಿದ್ದನ್ನು ಬಿಚ್ಚಲು ಲಿಖಿತ ಅರ್ಜಿ ಬೇಕೆಂಬ ಕಾನೂನನ್ನು ನಾನು ಅವತ್ತೇ ಕೇಳಿದ್ದು. ಮೈದುನನ ಫೋನು ಸ್ವಿಚ್ ಆಫ್.

ಜೂನ್ ತಿಂಗಳು. ನಮ್ಮ ಕಡೆ ಜೂನ್ ರಾತ್ರಿಯ ಮಳೆ ಹೇಗಿರುತ್ತದೆಂದು ಕೊಡಗಿನವರಿಗೆ ವಿವರಿಸಬೇಕಿಲ್ಲ. ಕರೆಂಟು ಸಂಜೆಯೇ ಹೋಗಿತ್ತು. ನಮ್ಮ ಯಜಮಾನರು ಮೆಣಸು ಕೊಯ್ಯುವ ಏಣಿಯನ್ನು ಜೀಪಿನ ಮೇಲೆ ಕಟ್ಟಿದರು. ನಾನು ಕಟಿಂಗ್ ಪ್ಲೇಯರ್, ಕತ್ತಿ, ಟಾರ್ಚು ಹಿಡಿದು ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಜೀಪಿನ ಹೆಡ್‌ಲೈಟನ್ನು ಫ್ಲೆಕ್ಸಿನತ್ತ ತಿರುಗಿಸಿದಾಗ ಅದರಲ್ಲಿದ್ದ ಹನ್ನೊಂದು ತಲೆಗಳೂ ಒಟ್ಟಿಗೆ ನಮ್ಮನ್ನೇ ನೋಡಿ ನಕ್ಕವು.

ಹಗ್ಗದಲ್ಲಿ ಕಟ್ಟಿದ್ದರೆ ಕತ್ತಿಯಲ್ಲಿ ಒಂದೇಟಿಗೆ ಕೆಲಸ. ಬೈಂಡಿಂಗ್ ವೈರು, ಅದೂ ಮೂರು ಸುತ್ತು. ಅಡಿಕೆ ಮರದ ಕಂಬ ನೆನೆದು ಜಾರುತ್ತಿತ್ತು, ಏಣಿ ನಿಲ್ಲುತ್ತಿರಲಿಲ್ಲ. ಇವರು ಮೇಲೆ, ನಾನು ಕೆಳಗೆ ಎರಡೂ ಕೈಯಲ್ಲಿ ಏಣಿ ಹಿಡಿದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು. ಒಂದು ಮೂಲೆ ಬಿಚ್ಚಿದ ಕೂಡಲೇ ಗಾಳಿ ಒಳಗೆ ಹೊಕ್ಕು ಫ್ಲೆಕ್ಸ್ ಫಟಫಟ ಹೊಡೆದುಕೊಳ್ಳತೊಡಗಿತು. "ಬಿಡ್ಬೇಡ, ಬಿಡ್ಬೇಡ" ಅಂತ ಇವರು ಕೂಗಿದರು. ಹೊಟ್ಟೆಯ ಭಾಗದಲ್ಲಿ ಮಳೆನೀರು ಕೊಡಗಟ್ಟಲೆ ತುಂಬಿ ಜೋತುಬಿದ್ದಿತ್ತು. ಎರಡನೇ ಮೂಲೆ ಕತ್ತರಿಸಿದಾಗ ಆ ನೀರೆಲ್ಲ ನನ್ನ ನೆತ್ತಿಯ ಮೇಲೆ. ಟಾರ್ಚು ಬಾಯಿಂದ ಬಿತ್ತು. ಏಣಿ ಒಂದು ಗೇಣು ಜಾರಿತು. ಆ ಒಂದು ಕ್ಷಣ ರಾಯಭಾರಿ, ದೇಶ, ಬಾವುಟ ಯಾವುದೂ ನೆನಪಿಗೆ ಬರಲಿಲ್ಲ. ಇವರಿಗೆ ಸ್ಟೆಂಟ್ ಹಾಕಿಸಿದ್ದೊಂದೇ ನೆನಪಾದದ್ದು.

ಅಷ್ಟು ಹೊತ್ತಿಗೆ ಬೀಟಿನ ಪೊಲೀಸಪ್ಪ ಬಂದ. "ಏನ್ ಮೇಡಂ ಈ ಹೊತ್ನಲ್ಲಿ? ಲೀಡರ್ ಫ್ಲೆಕ್ಸ್ ಹರಿದ್ರೆ ನಾಳೆ ಗಲಾಟೆ ಆಗ್ತದೆ, ಕೇಸ್ ಆಗ್ತದೆ." ಹುಡುಗ ನನ್ನ ಹತ್ತಿರ ಸಮಾಜ ಓದಿದವನು. ಮಳೆಯಲ್ಲೇ ನಿಂತು ಅವನಿಗೆ ಒಪ್ಪಿಗೆ, ಬಾವುಟ, ಗಡಿ ಎಲ್ಲ ಬಿಡಿಸಿ ಹೇಳಿದೆ. ಎಷ್ಟು ಅರ್ಥವಾಯಿತೋ ಕಾಣೆ. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದು ಏಣಿಯ ಇನ್ನೊಂದು ಕಾಲು ಹಿಡಿದ. ಅವನಿಂದ ಆದ ಉಪಕಾರ ಪಂಚಾಯ್ತಿಯಿಂದ ಆಗಲಿಲ್ಲ.

ಮಡಚಿ ಜೀಪಿಗೆ ಹಾಕುವಾಗ ಮೈದುನ ಬೈಕಿನಲ್ಲಿ ಬಂದ. ಯಾರೋ ಸುದ್ದಿ ಮುಟ್ಟಿಸಿದ್ದರು. "ಅತ್ತಿಗೆ, ಊರಿನ ಮರ್ಯಾದೆ ಕಿತ್ತು ಹಾಕ್ತಿದ್ದೀರಿ." ಊರಿನ ಮರ್ಯಾದೆ! ಆ ಬಾವುಟ ಯಾವ ದೇಶದ್ದು ಹೇಳು ಅಂದೆ. ಗೂಗಲ್‌ನಲ್ಲಿ ಮೊದಲು ಬಂದದ್ದು ಅಂದ.

ಬೆಳಿಗ್ಗೆ ಪತ್ರಿಕೆಯ ತಾಲೂಕು ಪುಟದಲ್ಲಿ ಫ್ಲೆಕ್ಸಿನ ಫೋಟೋ ಬಂದೇ ಬಂತು. ಪುಣ್ಯಕ್ಕೆ ಕಪ್ಪು ಬಿಳುಪು, ಬಾವುಟ ಗುರುತಾಗುತ್ತಿರಲಿಲ್ಲ. ಅವಳ ಇಲಾಖೆಯಲ್ಲಿ ವಿವರಣೆ ಕೇಳಿದರಂತೆ. ಏನು ಬರೆದುಕೊಟ್ಟಳೋ ನನಗೆ ಹೇಳಿಲ್ಲ, ಕೇಳಲೂ ಇಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಒಪ್ಪಿಗೆ ಬಂತು, ಪ್ರಕಟಣೆಯೂ ಬಂತು. ಮೈದುನ ಮಾತ್ರ "ನೋಡಿದ್ರಾ ಅತ್ತಿಗೆ, ಫ್ಲೆಕ್ಸಿಂದ ಏನೂ ಆಗ್ಲಿಲ್ಲ" ಅಂತ ಈಗಲೂ ಅನ್ನುತ್ತಾನೆ. ಆಗಲಿಲ್ಲ ಅಂದರೆ ನಾವು ಇಳಿಸಿದ್ದರಿಂದ ಆಗಲಿಲ್ಲ.

ಹೊರಡುವ ಮುಂಚೆ ಊರಿಗೆ ಬರುತ್ತೇನೆ ಅಂದಳು. ಸಂಘದ ಅಧ್ಯಕ್ಷರಿಗೆ ಹುರುಪು ಏರಿತು. ಮೈಸೂರು ಪೇಟ, ಗಂಧದ ಹಾರ, ಬಿನ್ನವತ್ತಳೆ, ಬೆಳ್ಳಿಯ ಪೀಚೆಕತ್ತಿ. ನಾನು ಆಗಲೂ ತಡೆದೆ, ಮೊದಲು ಅವಳನ್ನು ಕೇಳೋಣ ಅಂತ. ಕೇಳಿದ್ದು ಒಳ್ಳೆಯದಾಯಿತು. ಕೇಂದ್ರ ಸರ್ಕಾರದ ನೌಕರರ ನಡತೆ ನಿಯಮಗಳು ಅಂತ 1964ರಿಂದ ಇವೆ. ತನ್ನ ಗೌರವಾರ್ಥ ನಡೆಯುವ ಸಭೆಗೆ ಹೋಗಲು, ಬಿನ್ನವತ್ತಳೆ ತೆಗೆದುಕೊಳ್ಳಲು ನೌಕರರು ಮೊದಲೇ ಸರ್ಕಾರದ ಅನುಮತಿ ಪಡೆಯಬೇಕೆಂದು ಅದರ 14ನೇ ನಿಯಮ. ಉಡುಗೊರೆಗೂ ಮಿತಿಯಿದೆ. ಬೆಳ್ಳಿ ಪೀಚೆಕತ್ತಿ ಎಲ್ಲಿಂದ ಹಿಡಿಸುತ್ತದೆ? ವಿದೇಶಾಂಗ ಸೇವೆಯವರಿಗೂ ಇಂಥ ಕಟ್ಟಳೆಗಳು ಇದ್ದೇ ಇವೆ. "ಸನ್ಮಾನ ಬೇಡ. ಶಾಲೆಗೆ ಬರ್ತೀನಿ, ಮಕ್ಕಳ ಹತ್ರ ಮಾತಾಡ್ತೀನಿ" ಅಂದಳು. ಅಧ್ಯಕ್ಷರು ಹದಿನೈದು ದಿನ ನನ್ನೊಡನೆ ಮಾತು ಬಿಟ್ಟರು.

ಬಂದವಳು ವೇದಿಕೆ ಹತ್ತಲಿಲ್ಲ. ಒಂಬತ್ತನೇ ತರಗತಿಯ ಕೋಣೆಯಲ್ಲಿ ಮಕ್ಕಳ ಜೊತೆ ಬೆಂಚಿನಲ್ಲಿ ಕೂತಳು. ಒಬ್ಬ ಹುಡುಗ ಸಂಬಳ ಎಷ್ಟು ಅಂತ ಕೇಳಿದ. ಇನ್ನೊಬ್ಬಳು, ಅಲ್ಲಿ ಅವರು ಏನೇ ಕೊಟ್ಟರೂ ತಿನ್ನಲೇಬೇಕಾ ಅಂದಳು. "ತಿಂದ ಹಾಗೆ ಮಾಡೋಕೆ ಇಪ್ಪತ್ತು ವರ್ಷ ಕಲಿಬೇಕು" ಅಂತ ಇವಳು. ಆಮೇಲೆ ಮಾತಾಡಿದ್ದೆಲ್ಲ ಸಿ.ಬಿ. ಮುತ್ತಮ್ಮನವರ ಬಗ್ಗೆ. ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿ, ಮಡಿಕೇರಿಯಲ್ಲಿ ಓದಿ, 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ನಮ್ಮ ಜಿಲ್ಲೆಯ ಪ್ರತಿ ಕ್ವಿಜ್‌ನಲ್ಲೂ ಇದೊಂದು ಪ್ರಶ್ನೆ ಇರುತ್ತದೆ, ನಾನೇ ಎಷ್ಟೋ ಸಲ ಕೇಳಿಸಿದ್ದೇನೆ. ಅದರ ಮುಂದಿನದನ್ನು ಯಾರೂ ಹೇಳುವುದಿಲ್ಲ. ಮದುವೆಯಾಗುವುದಾದರೆ ಹೆಂಗಸು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು, ಆದ ಮೇಲೆ ಸಂಸಾರದಿಂದ ಕೆಲಸ ಕೆಡುತ್ತದೆ ಅಂತ ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೊಡಬೇಕು ಅಂತ ನಿಯಮವಿತ್ತು. ಗಂಡಸರಿಗೆ ಅಂಥದ್ದೇನೂ ಇರಲಿಲ್ಲ. ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು, ಆಮೇಲೆ ಘಾನಾ. ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ತೀರ್ಮಾನವಾಗುವುದರೊಳಗೆ ಸರ್ಕಾರ ಬಡ್ತಿ ಕೊಟ್ಟಿತು, ಹಾಗಾಗಿ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಸರಿಪಡಿಸಿ ಅಂತ ಬರೆದರು. 2001ರಲ್ಲಿ ಚೋಕಿಲಾ ಅಯ್ಯರ್, 2009ರಲ್ಲಿ ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತದ್ದು ಆಮೇಲಿನ ಮಾತು.

"ನಾನು ಮದುವೆಯಾಗಿ ಎರಡು ಮಕ್ಕಳನ್ನು ಹೆತ್ತು ಕೆಲಸದಲ್ಲಿ ಉಳಿದಿದ್ದೀನಿ ಅಂದ್ರೆ, ಅದಕ್ಕೆ ವಿರಾಜಪೇಟೆಯ ಆ ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತಿದ್ದು ಕಾರಣ" ಅಂದಳು. ಹೆಣ್ಣುಮಕ್ಕಳು ನೋಟ್ ಬುಕ್ಕಿನಲ್ಲಿ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ನನ್ನ ಮೈದುನ ವಿಡಿಯೋ ಮಾಡುತ್ತಿದ್ದ. ನಾನೇ ಹೋಗಿ ಮೊಬೈಲು ಇಸಿದುಕೊಂಡೆ.

ನಿಮಗೂ ಇಂಥ ಸಂದರ್ಭ ಬಂದರೆ ಮೂರು ವಿಷಯ ನೆನಪಿಡಿ. ಕಾರ್ಯಕ್ರಮಕ್ಕೆ ಸನ್ಮಾನ ಅಂತ ಹೆಸರಿಡಬೇಡಿ, ಆಮಂತ್ರಣ ಅಚ್ಚಿಗೆ ಹೋಗುವ ಮುಂಚೆ ಅವರಿಗೊಮ್ಮೆ ತೋರಿಸಿ. ಉಡುಗೊರೆ ಕೊಡಲೇಬೇಕೆಂದರೆ ಮಕ್ಕಳು ಬರೆದ ಕಾಗದ ಕೊಡಿ. ಬಾವುಟ ಬೇಕೇ ಬೇಕೆಂದರೆ ಆ ದೇಶದ ಸರ್ಕಾರಿ ಜಾಲತಾಣದಲ್ಲಿ ನೋಡಿ ತೆಗೆದುಕೊಳ್ಳಿ.

ಮೈದುನ ಆ ಫ್ಲೆಕ್ಸಿನ ಬಿಲ್ಲನ್ನು ಸಂಘದ ಹೆಸರಿಗೆ ಕಳಿಸಿದ್ದಾನೆ. ಕಂಬ ನೆಟ್ಟ ಕೂಲಿ, ಬೈಂಡಿಂಗ್ ವೈರು ಸೇರಿಸಿ. ಅಧ್ಯಕ್ಷರು ಪಾಸು ಮಾಡೋಣ ಅನ್ನುತ್ತಿದ್ದಾರೆ. ಖಜಾಂಚಿ ನನ್ನ ಕಡೆ ಇದ್ದಾರೆ. ಸರ್ವಸದಸ್ಯರ ಸಭೆಯಲ್ಲಿ ಈ ಬಾಬತ್ತು ಚರ್ಚೆಗೆ ಬರುತ್ತದೆ, ನಾನು ಸಹಿ ಹಾಕುವುದಿಲ್ಲ.